ಮುಗಿಯುವ ದಿನಾಂಕ

ಬಿಸಿಲು ಬೇಸಿಗೆಯ ಒಂದು ಗುಣ ಎಂದು ಜನ ತಿಳಿದಿದ್ದ ಕಾಲ ಹಿಂದೊಮ್ಮೆ ಇತ್ತು. ಶಹಾಪೇಟೆಯವರಿಗೆ ಅದು ಊರಿಗೆ ಊರೇ ಹೊತ್ತುಕೊಂಡ ಕಾಯಿಲೆಯಾಗಿತ್ತು. ಹೋಳಿ ಹುಣ್ಣಿಮೆ ಕಳೆಯಿತೆಂದರೆ ಮಧ್ಯಾಹ್ನ ಹೊಸ್ತಿಲ ಆಚೆ ಕಾಲಿಟ್ಟವರು ಮರಳಿ ಬರುವ ಭರವಸೆ ಇರಲಿಲ್ಲ. ಎರಡು ಹೊಳೆಗಳ ನಡುವಿನ ಆ ಕಲ್ಲುನೆಲದ ಊರು ಇನ್ನೂ ಉಸಿರಾಡುತ್ತಿದ್ದುದು ಒಂದು ಕೊಳವೆಯ ಪುಣ್ಯದಿಂದ. ಗುಡ್ಡದ ಹೊಟ್ಟೆಯಲ್ಲಿ ಕೊರೆದ ತಂಪುಮನೆಯಲ್ಲಿ ಉಪ್ಪುನೀರನ್ನು ಮಂಜಿನಷ್ಟು ತಣ್ಣಗೆ ಮಾಡಿ ಊರ ತುಂಬ, ಆಚೆಗಿನ ಊರುಗಳಿಗೂ ಹರಿಸುತ್ತಿದ್ದರು. ಕೊಳವೆ ಪ್ರತಿ ಮನೆಯ ನೆಲದಡಿ ಹಾದುಹೋಗುತ್ತಿತ್ತು. ಅದರಲ್ಲಿ ತಂಪು ಹರಿದಷ್ಟು ಹೊತ್ತು ಮನೆಮಂದಿ ನೆಲಕ್ಕೆ ಬೆನ್ನು ಕೊಟ್ಟು ಮಲಗಿ ಜೀವ ಹಿಡಿದುಕೊಳ್ಳುತ್ತಿದ್ದರು.

ತಂಪು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಯಾವ ಗಲ್ಲಿಗೆ ಯಾವಾಗ, ಯಾವ ಮನೆಗೆ ಎಷ್ಟು ಎಂಬುದನ್ನು ದಿನದಿನವೂ ಹೊಸದಾಗಿ ಗೊತ್ತುಮಾಡಬೇಕಿತ್ತು. ಅದನ್ನು ನಡೆಸುವ ಪ್ರೋಗ್ರಾಮನ್ನು ಮನುಷ್ಯರು ಬರೆಯುವುದು ನಿಂತು ಬಹಳ ವರ್ಷವಾಗಿತ್ತು. ರಾಜಧಾನಿಯಲ್ಲಿ ಒಂದು ಹೆಣೆಯುವ ಯಂತ್ರ ಇತ್ತು. ಊರಿನವರು ಸಂಜೆ ತಮ್ಮ ಊರಿನ ವಿವರ ಬರೆದು ಕಳಿಸಿದರೆ, ಬೆಳಗಾಗುವಷ್ಟರಲ್ಲಿ ಅದನ್ನು ಓದಿ ಆ ದಿನದ ಪ್ರೋಗ್ರಾಮನ್ನು ಹೆಣೆದು ಕೊಡುತ್ತಿತ್ತು. ಕೊಳವೆಯನ್ನು ತೆರೆದು ಮುಚ್ಚುವ ಕೀಲಿಗಳು ಅದರ ಪ್ರಕಾರ ತಾವೇ ತಿರುಗುತ್ತಿದ್ದವು.

ಆ ವಿವರವನ್ನು ಯಾವ ನಮೂನೆಯಲ್ಲಿ ಬರೆಯಬೇಕು ಎಂಬುದೇ ಮಹಾನಂದಾಳ ಕೆಲಸ. ಏನು ದೊಡ್ಡ ಕೆಲಸ ಎಂದು ಕೇಳಿದವರಿಗೆ ಅವಳು ಚಕ್ಕುಲಿ ಒರಳನ್ನು ತೋರಿಸುತ್ತಿದ್ದಳು. ಹಿಟ್ಟು ಒಂದೇ, ಒತ್ತುವ ಕೈ ಒಂದೇ. ಒಳಗೆ ಯಾವ ಬಿಲ್ಲೆ ಹಾಕಿದ್ದೀರಿ ಎಂಬುದರ ಮೇಲೆ ಎಣ್ಣೆಗೆ ಬೀಳುವುದು ಚಕ್ಕುಲಿಯೋ ಸೇವೋ ಗೊತ್ತಾಗುತ್ತದೆ. ನಮೂನೆ ಎಂದರೆ ಆ ಬಿಲ್ಲೆ.

ಹಳೆಯ ನಮೂನೆ ಸಡಿಲವಾಗಿತ್ತು. ಗಲ್ಲಿಯ ಹೆಸರನ್ನು ಅಂಚಿಗೆ ಬರೆಯುವುದು, ಆ ಗಲ್ಲಿಯ ಮನೆಗಳನ್ನು ಅದರ ಕೆಳಗೆ ಎರಡು ಜಾಗ ಒಳಗೆ ಸರಿಸಿ ಬರೆಯುವುದು. ಯಾವುದು ಯಾರ ಹೊಟ್ಟೆಯೊಳಗೆ ಎಂಬುದು ಎಡಗಡೆ ಬಿಟ್ಟ ಖಾಲಿ ಜಾಗದಿಂದಲೇ ಯಂತ್ರಕ್ಕೆ ತಿಳಿಯಬೇಕು. ಇದಲ್ಲದೆ ಸಾಲಿನ ಮೊದಲಿಗೆ ಒಂದು ಗುರುತು ಹಾಕಿ ಷರಾ ಬರೆಯುವ ಅನುಕೂಲವೂ ಇತ್ತು. ಷರಾ ಇರುವುದು ಮನುಷ್ಯರು ಓದಲಿಕ್ಕೆ, ಯಂತ್ರ ಅದನ್ನು ಓದುವುದಿಲ್ಲ ಎಂದು ನಿಯಮದಲ್ಲಿತ್ತು. ಮಹಾನಂದಾ ಓದಿದ್ದೂ ಹಾಗೆಯೇ, ಕಿರಿಯರಿಗೆ ಕಲಿಸಿದ್ದೂ ಹಾಗೆಯೇ.

ಷರಾ ಬರೆಯುವುದರಲ್ಲಿ ಹುಸೇನಮ್ಮನನ್ನು ಮೀರಿಸುವವರಿರಲಿಲ್ಲ. ಕೀಲಿ ನೋಡಿಕೊಳ್ಳುವ ಹೆಂಗಸರಲ್ಲಿ ಅವಳೇ ಹಿರಿಯಳು. ಬೆಳಗಿನ ಜಾವ ಗಲ್ಲಿ ಗಲ್ಲಿ ತಿರುಗಿ ಬಂದು, ಕಂಡದ್ದನ್ನೆಲ್ಲ ವಿವರದ ನಡುನಡುವೆ ಸೇರಿಸುವಳು. ಈ ಮನ್ಯಾಗ ಬಾಣಂತಿ ಅದಾಳ. ಈ ಮುದುಕ ಸುಳ್ಳ ನರಳ್ತಾನ, ನಂಬಬ್ಯಾಡ. ಈ ಮನಿಯವರು ನಿನ್ನೆ ಮಿರ್ಚಿ ಕೊಟ್ಟಾರ, ಸ್ವಲ್ಪ ನೋಡ್ಕೋ. ನಿಯಂತ್ರಣ ಕೋಣೆಯವರು ಅದನ್ನು ಓದಿ ನಗುತ್ತಿದ್ದರು. ಓದದ ಯಂತ್ರಕ್ಕೆ ಕಾಗದ ಬರೀತಾಳ ಹುಸೇನಕ್ಕ ಎಂದು ಮಹಾನಂದಾ ಚೇಷ್ಟೆ ಮಾಡಿದರೆ, ಅವಳು ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ದೇವರೂ ಓದ್ತಾನಂತ ಯಾರ ನೋಡ್ಯಾರ ತಂಗಿ, ಆದ್ರೂ ಬೇಡ್ಕೊಳ್ಳಂಗಿಲ್ಲೇನು ಎನ್ನುತ್ತಿದ್ದಳು.

ಹಿಂದಿನ ಬೇಸಿಗೆಯಲ್ಲಿ ಅವಳು ಹೀಗೇ ಒಂದು ಷರಾ ತುರುಕುವಾಗ ಕೆಳಗಿನ ಸಾಲು ಎರಡು ಜಾಗ ಒಳಗೆ ಸರಿಯಿತು. ಸರಿದದ್ದು ಖಾಲಿ ಜಾಗ; ಕಣ್ಣಿಗೆ ಏನು ಕಾಣಬೇಕು? ಕೊನೆಯ ಗಲ್ಲಿ ಅದರ ಮೇಲಿದ್ದ ಹತ್ತಿಯ ಗೋದಾಮಿನ ಹೊಟ್ಟೆಯೊಳಗೆ ಸೇರಿಹೋಯಿತು. ಗೋದಾಮು ರಜೆ ಇದ್ದ ದಿನ ಯಂತ್ರ ಗೋದಾಮಿನ ಕೀಲಿ ಮುಚ್ಚಿತು, ಅದರ ಜೊತೆಗೆ ಗಲ್ಲಿಯ ಕೀಲಿಯನ್ನೂ ಮುಚ್ಚಿತು. ಸಂಜೆ ಬಾಗಿಲು ತೆಗೆದಾಗ ನಾಲ್ವರು ಹೋಗಿದ್ದರು. ಅವರಲ್ಲಿ ಒಬ್ಬ ಹುಸೇನಮ್ಮನ ಒಡಹುಟ್ಟಿದ ತಮ್ಮ.

ಅವಳು ಅಳಲಿಲ್ಲ ಎಂದು ಜನ ಆಡಿಕೊಂಡರು. ಮಹಾನಂದಾಗೆ ಮಾತ್ರ ಗೊತ್ತಿತ್ತು, ಅವಳು ಮರುದಿನ ನಿಯಂತ್ರಣ ಕೋಣೆಗೆ ಬಂದು ಪರದೆಯ ಮೇಲಿನ ಆ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ್ದಳು.

ಚಳಿಗಾಲದಲ್ಲಿ ತಂಪು ಮಂಡಳಿಯ ಸಭೆ ಕೂಡಿತು. ಕೊಳವೆಯ ಮೇಲಿದ್ದ ಎಲ್ಲ ಊರುಗಳಿಗೂ ಒಂದೇ ಹೊಸ ನಮೂನೆ ಆರಿಸಬೇಕಿತ್ತು, ಆರಿಸುವ ಹೊಣೆ ಶಹಾಪೇಟೆಗೆ ಬಂದಿತ್ತು. ಕೆಲವರು ಹಳೆಯದೇ ಇರಲಿ, ಜಾಗ ಎಣಿಸಲು ಒಬ್ಬರನ್ನು ಇಡೋಣ ಎಂದರು. ಇನ್ನು ಕೆಲವರು ನಮೂನೆಯೇ ಬೇಡ, ಆಡುವ ಮಾತಿನಲ್ಲೇ ಹೇಳೋಣ ಎಂದರು. ಹಾಗೆ ಮಾಡಿ ನೋಡಿದಾಗ ಯಂತ್ರ ಒಂದೇ ಮಾತಿಗೆ ಇವತ್ತೊಂದು, ನಾಳೆಯೊಂದು ಪ್ರೋಗ್ರಾಮು ಹೆಣೆಯಿತು. ಮಹಾನಂದಾ ಬಿಗಿ ನಮೂನೆಯ ಪರ ನಿಂತಳು. ಅದರಲ್ಲಿ ತೆರೆದ ಪ್ರತಿ ಆವರಣವನ್ನೂ ಮುಚ್ಚಲೇಬೇಕು, ಪ್ರತಿ ಖಾನೆಗೂ ಹೆಸರು ಇರಬೇಕು, ಒಂದು ಖಾನೆ ಬಿಟ್ಟರೂ ಒಂದು ಹೆಚ್ಚಾದರೂ ಯಂತ್ರ ಇಡೀ ದಾಖಲೆಯನ್ನೇ ತಿರುಗಿಸಿ ಕಳಿಸುತ್ತದೆ. ಖಾಲಿ ಜಾಗಕ್ಕೆ ಅರ್ಥವಿಲ್ಲ. ಷರಾಕ್ಕೆ ಜಾಗವಿಲ್ಲ. ಯಂತ್ರ ಓದದ್ದನ್ನು ಹೊತ್ತು ತಿರುಗುವುದು ಯಾಕೆ ಎಂದು ಅವಳು ಕೇಳಿದಳು.

ವಿಶೇಷ ಅಗತ್ಯ ಇರುವವರಿಗೆ ಅವಳೇ ಒಂದು ಖಾನೆ ಕೂಡಿಸಿದಳು: ಯಾರಿಗೆ, ಯಾಕೆ, ಯಾವಾಗಿನಿಂದ, ಯಾವಾಗಿನವರೆಗೆ. ಯಾಕೆ ಎಂಬುದಕ್ಕೆ ಬಾಣಂತಿ, ಜ್ವರ ಎಂದು ಸಿದ್ಧ ಪಟ್ಟಿ ಇತ್ತು, ಅದರಲ್ಲಿಲ್ಲದ್ದಕ್ಕೆಲ್ಲ ಇತರೆ. ಕೊನೆಯ ದಿನಾಂಕವನ್ನು ಬಿಡುವಂತಿಲ್ಲ ಎಂದು ಹಟ ಹಿಡಿದಳು. ಹಳೆಯ ವಿವರದಲ್ಲಿ ಬಾಣಂತಿ ಮನೆ ಎಂದು ಷರಾ ಇದ್ದ ಒಂದು ಮನೆಗೆ ಅವಳು ಹೋಗಿ ನೋಡಿದ್ದಳು. ಆ ಕೂಸು ಹಲ್ಲು ಬಿದ್ದು, ಪಾಟಿಚೀಲ ಹೊತ್ತು ಶಾಲೆಗೆ ಹೊರಟಿತ್ತು.

ಮಂಡಳಿಯ ಹಿರಿಯ ಎಂಜಿನಿಯರು ವೆಂಕೋಬರಾಯರು ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸಿಕೊಂಡರು.

"ಎಲ್ಲಾದಕ್ಕೂ ಕೊನಿ ಅಂತ ಇರ್ತದೇನಮ್ಮಾ, ಮಹಾನಂದಾ?"

"ಇರಲೇಬೇಕು ಸರ್. ಕೊನಿ ಇಲ್ಲದ್ದಕ್ಕ ತಂಪು ಎಲ್ಲಿಂದ ತರೋಣು?"

ಎಲ್ಲರೂ ಒಪ್ಪಿ ಕೈ ಎತ್ತಿದರು. ಬೇಸಿಗೆಯ ನಡುವೆ ನಮೂನೆಯನ್ನು ಮುಟ್ಟಬಾರದು, ಏನೇ ತಿದ್ದುವುದಿದ್ದರೂ ಮಳೆ ಹಿಡಿದ ಮೇಲೆ ಎಂಬ ನಿಯಮವನ್ನೂ ಅವಳೇ ಸೂಚಿಸಿದಳು. ನಡುಬೇಸಿಗೆಯಲ್ಲಿ ಕೈ ಆಡಿಸಿದ್ದರಿಂದಲೇ ಅಲ್ಲವೇ ನಾಲ್ವರು ಹೋದದ್ದು.

ಮಹಾನಂದಾಳ ಮನೆ ತಂಪುಮನೆಯ ದಿನ್ನೆಯ ಕೆಳಗೇ ಇತ್ತು. ಗಂಡ ಶರಣಬಸು ಶಾಲೆಯ ಮೇಷ್ಟ್ರು. ಒಬ್ಬಳೇ ಮಗಳು ನೀಲಮ್ಮ, ಎರಡನೆಯ ಇಯತ್ತೆಯ ಹುಡುಗಿ. ಅವಳಿಗೆ ಹುಟ್ಟಿದಾಗಿನಿಂದ ಬೆವರು ಬರುತ್ತಿರಲಿಲ್ಲ. ಚರ್ಮದಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಕೂದಲು ತೆಳು, ಹಲ್ಲು ಅಲ್ಲೊಂದು ಇಲ್ಲೊಂದು, ಅವೂ ಮೊನಚು. ಮೈಯ ಕಾವು ಹೊರಗೆ ಹೋಗುವ ದಾರಿ ಇಲ್ಲದ ಮಗು. ಅದು ಗುಣವಾಗುವ ರೋಗವಲ್ಲ, ಅವಳು ಇರುವ ರೀತಿಯೇ ಅದು. ನೀಲಮ್ಮನಿಗೆ ಅದೊಂದು ಜಂಬ. ಸಂಜೆ ಮನೆಗೆ ಬಂದ ಅಪ್ಪನ ಅಂಗಿ ಮೂಸಿ ಮೂಗು ಮುಚ್ಚಿಕೊಂಡು, ನನ್ನ ಅಂಗಿ ವಾರ ಹಾಕ್ಕೊಂಡ್ರೂ ನಾರಂಗಿಲ್ಲ ನೋಡಪ್ಪಾ ಎನ್ನುವಳು. ಮನೆ ತಂಪುಮನೆಗೆ ಹತ್ತಿರ ಇದೆ, ಕೊಳವೆಯ ಮೊದಲ ತಂಪು ತಮಗೇ ಸಿಗುತ್ತದೆ, ಅದರಿಂದಲೇ ಮಗು ಇಷ್ಟು ಬೇಸಿಗೆ ದಾಟಿದೆ ಎಂದು ಗಂಡಹೆಂಡತಿ ನಂಬಿದ್ದರು.

ಹೊಸ ನಮೂನೆ ಜಾರಿಗೆ ಬಂದ ವಾರ ಕೊನೆಯ ಗಲ್ಲಿಗೆ ತಂಪು ಸರಿಯಾಗಿ ತಲುಪಿತು. ಹುಸೇನಮ್ಮ ಸಕ್ಕರೆ ಹಂಚಿದಳು. ಅದೇ ವಾರ ಮಹಾನಂದಾಳ ಮನೆಯ ನೆಲ ಬೆಚ್ಚಗಾಯಿತು. ಮಧ್ಯಾಹ್ನ ಹುಡುಗಿಯ ಮುಖ ಕೆಂಡವಾಗಿ, ಮಾತು ತೊದಲಿ, ಆಟದ ಬೊಂಬೆಯನ್ನು ಅಪ್ಪಾ ಎಂದು ಕರೆಯತೊಡಗಿದಳು. ಶರಣಬಸು ಒದ್ದೆ ದುಪ್ಪಡಿ ಸುತ್ತಿದ. ತೊಟ್ಟಿಯ ನೀರೇ ಕಾದಿತ್ತು. ಸುತ್ತಿದ ಬಟ್ಟೆ ಅರಳು ಹುರಿಯುವ ಗಾಳಿಗೆ ಒಣಗಿ ಬಿರುಸಾಗುತ್ತಿತ್ತು.

ಎಲ್ಲೋ ಕೊಳವೆ ಕಟ್ಟಿದೆ ಎಂದು ಮಹಾನಂದಾ ಮೊದಲು ಕೊಳವೆಯನ್ನು ಪರೀಕ್ಷೆ ಮಾಡಿಸಿದಳು. ಕೊಳವೆ ಚೆನ್ನಾಗಿತ್ತು. ಆಮೇಲೆ ನಿಯಂತ್ರಣ ಕೋಣೆಯಲ್ಲಿ ಹೋದ ವರ್ಷದ ಒಂದು ದಿನದ ಪ್ರೋಗ್ರಾಮನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಿದಳು. ಹಳೆಯದರಲ್ಲಿ ಒಂದು ತುಂಡು ಇತ್ತು: ಉಳಿದೆಲ್ಲ ಮನೆಗಳಿಗಿಂತ ಮೊದಲು ತನ್ನ ಮನೆಗೆ, ನಡುಮಧ್ಯಾಹ್ನ ಪೂರ್ತಿ ತಂಪು ಬಿಡು. ವಿವರದ ಯಾವ ಖಾನೆಯಲ್ಲೂ ಅಂಥ ಮಾತು ಇರಲಿಲ್ಲ. ಇದ್ದದ್ದು ನೂರಾರು ಷರಾಗಳ ನಡುವೆ ಅವಳ ಕಣ್ಣಿಗೆ ಎಂದೂ ಬೀಳದ ಒಂದು ಷರಾದಲ್ಲಿ. ಈ ಮನಿ ಹುಡುಗಿಗೆ ಬೆವರು ಬರಂಗಿಲ್ಲ, ಮೊದಲು ಇಲ್ಲಿ ಬಿಡು ನನ್ನಪ್ಪಾ.

ಯಂತ್ರ ಷರಾ ಓದುತ್ತಿತ್ತು. ಮನುಷ್ಯರ ಬರಹವನ್ನೆಲ್ಲ ಓದಿ ಬೆಳೆದ ಯಂತ್ರ ಅದು. ಇದನ್ನು ಓದು, ಅದನ್ನು ಬಿಡು ಎಂದರೆ ಬಿಟ್ಟಂತೆ ಮಾಡಿ ಓದಿಕೊಳ್ಳುತ್ತಿತ್ತು. ನಿಯಮ ಬರೆದವರಿಗೆ ಅದು ತಿಳಿದಿರಲಿಲ್ಲ. ನಿಯಮ ಕಲಿಸಿದವಳಿಗೂ ತಿಳಿದಿರಲಿಲ್ಲ. ಬಾಣಂತಿಯರು, ಲಕ್ವ ಹೊಡೆದವರು, ಮಿರ್ಚಿ ಕೊಟ್ಟವರು ಎಲ್ಲರೂ ಆ ಷರಾಗಳ ನೆರಳಿನಲ್ಲಿ ಬದುಕಿದ್ದರು. ತನ್ನ ಕೈಯಿಂದಲೇ ಅವನ್ನೆಲ್ಲ ಕಸವೆಂದು ಗುಡಿಸಿ ಹಾಕಿದ್ದು ಅವಳಿಗೆ ನೆನಪಾಯಿತು.

ಹುಸೇನಮ್ಮನನ್ನು ಕರೆಸಿ ಕೇಳಿದಳು. ಆ ಷರಾ ಬರೆದದ್ದು ತಾನೇ ಎಂದು ಅವಳು ಒಪ್ಪಿದಳು.

"ನಂಗ ಯಾಕ ಹೇಳಲಿಲ್ಲ ಹುಸೇನಕ್ಕ?"

"ಯಂತ್ರಕ್ಕ ಹೇಳಿದ್ದೆ ತಂಗಿ. ನಿಂಗ ಹೇಳಿದ್ರ ನೀ ಅಳಿಸ್ತಿದ್ದಿ. ನಮ್ಮ ಮನಿಗೆ ಹೆಚ್ಚು ಬ್ಯಾಡ ಅಂತಿದ್ದಿ."

ಅದು ನಿಜ. ಮಹಾನಂದಾ ಹಾಗೆಯೇ ಅನ್ನುತ್ತಿದ್ದಳು.

ಇನ್ನೇನು, ಖಾನೆ ಇತ್ತಲ್ಲ, ತುಂಬಿದರಾಯಿತು. ಯಾರಿಗೆ, ನೀಲಮ್ಮ. ಯಾಕೆ, ಇತರೆ. ಯಾವಾಗಿನಿಂದ, ಇಂದಿನಿಂದ. ಯಾವಾಗಿನವರೆಗೆ ಎಂಬಲ್ಲಿ ಬೆರಳು ನಿಂತಿತು. ಖಾಲಿ ಬಿಟ್ಟು ಕಳಿಸಿದಳು, ಯಂತ್ರ ತಿರುಗಿಸಿತು. ನೂರು ವರ್ಷ ಮುಂದಿನ ದಿನ ಬರೆದು ಕಳಿಸಿದಳು, ಯಂತ್ರ ಒಪ್ಪಿಕೊಂಡಿತು. ಮರುದಿನ ಮನೆಯ ನೆಲ ಇನ್ನಷ್ಟು ಬೆಚ್ಚಗಿತ್ತು.

ಪ್ರೋಗ್ರಾಮು ತೆರೆದು ನೋಡಿದಾಗ ಕಾರಣ ತಿಳಿಯಿತು. ಪ್ರತಿ ಅಗತ್ಯದ ಬೆನ್ನಿಗೂ ಒಂದು ಮುಗಿಯುವ ದಿನಾಂಕ ಇರುವುದನ್ನು ಕಂಡ ಯಂತ್ರ, ಬೇಗ ಮುಗಿಯುವುದನ್ನು ಮೊದಲು ತೀರಿಸಬೇಕು ಎಂದು ತಾನೇ ತಿಳಿದುಕೊಂಡಿತ್ತು. ಅಡಿಗೆಮನೆಯಲ್ಲಿ ಹಳಸುವ ಪಲ್ಯವನ್ನು ಮೊದಲು ಬಡಿಸಿ ಉಪ್ಪಿನಕಾಯಿ ಜಾಡಿಯನ್ನು ಹಿಂದಕ್ಕೆ ಸರಿಸುತ್ತಾರಲ್ಲ, ಹಾಗೆ. ನೀಲಮ್ಮನಿಗೆ ನೂರು ವರ್ಷ ಇದೆ, ಅವಳಿಗೆ ಏನು ಅವಸರ ಎಂದು ಜಾಡಿಯಂತೆ ಹಿಂದಕ್ಕಿಟ್ಟಿತ್ತು. ಯಾರೂ ಅದಕ್ಕೆ ಹಾಗೆ ಮಾಡು ಎಂದಿರಲಿಲ್ಲ. ಬಿಲ್ಲೆಯ ತೂತು ಆ ಆಕಾರದಲ್ಲಿತ್ತು, ಅಷ್ಟೆ.

ಮಹಾನಂದಾ ವೆಂಕೋಬರಾಯರ ಮನೆಗೆ ಹೋದಳು. ಮುಗಿಯುವ ದಿನಾಂಕದ ಖಾನೆಯನ್ನು ಬೇಕಾದವರು ತುಂಬಲಿ, ಬೇಡದವರು ಬಿಡಲಿ ಎಂದು ಒಂದೇ ಒಂದು ತಿದ್ದುಪಡಿ ಸಾಕಿತ್ತು. ರಾಯರು ಕನ್ನಡಕ ತೆಗೆದು ಕೆಳಗಿಟ್ಟರು. ಒಂದು ಖಾನೆ ಸಡಿಲಾದರೆ ಕೊಳವೆಯ ಮೇಲಿನ ಎಲ್ಲ ಊರುಗಳ ಪ್ರೋಗ್ರಾಮೂ ಬುಡದಿಂದ ಬೇರೆಯಾಗಿ ಹೆಣೆಯಲ್ಪಡುತ್ತದೆ. ನಡುಬೇಸಿಗೆಯಲ್ಲಿ ಯಾವ ಊರಿನ ಯಾವ ಗಲ್ಲಿ ಮುಚ್ಚಿಹೋಗುತ್ತದೋ ಯಾರು ಹೇಳಬೇಕು? ಅವರು ಅದನ್ನು ವಿವರಿಸಲಿಲ್ಲ. ಅವಳಿಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು.

"ನೀನ ನನ್ನ ಜಾಗದಾಗಿದ್ರ ಏನ್ ಮಾಡ್ತಿದ್ದಿ, ಹೇಳಮ್ಮಾ. ನೀ ಹೇಳಿದಂಗ ಮಾಡ್ತೀನಿ."

ಅವಳು ಎದ್ದು ಬಂದಳು.

ಬೇರೆ ದಾರಿಗಳನ್ನೂ ನೋಡಿದರು. ತಂಪುಮನೆಯ ಒಳಗೆ ಕೂರಿಸೋಣವೆಂದರೆ ಅಲ್ಲಿ ನೀರು ತಣ್ಣಗೆ ಮಾಡುವ ಅಮೋನಿಯಾದ ಘಾಟಿಗೆ ದೊಡ್ಡವರೇ ನಿಲ್ಲಲಾರರು. ಕೊನೆಯ ಗಲ್ಲಿಯ ನಾಲ್ವರು ಸತ್ತ ಮೇಲೆ ನಿಯಂತ್ರಣ ಕೋಣೆಯವರು ತಮ್ಮ ಪಾಲಿನ ತಂಪನ್ನು ಊರಿಗೇ ಬಿಟ್ಟುಕೊಟ್ಟಿದ್ದರು. ಬೆಟ್ಟದ ಊರುಗಳು ಹೊರಗಿನವರಿಗೆ ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು. ಹುಸೇನಮ್ಮ ಯಾರಿಗೂ ಹೇಳದೆ ಬಂದು ಮನೆಯ ಕೀಲಿಯನ್ನು ಕೈಯಿಂದ ತಿರುವಿದಳು. ಎಲ್ಲೋ ಸೋರುತ್ತಿದೆ ಎಂದು ತಿಳಿದ ಯಂತ್ರ ಇಡೀ ಗಲ್ಲಿಯನ್ನೇ ಮುಚ್ಚಿತು. ನೆರೆಯವರ ಬೈಗುಳ ತಿಂದು ಮತ್ತೆ ಮೊದಲಿನಂತೆ ಮಾಡಿದಳು.

ಕೊನೆಗೆ ಉಪಾಯ ಹೊಳೆದದ್ದು ಶರಣಬಸುವಿಗೆ. ಬೇಗ ಮುಗಿಯುವುದಕ್ಕೆ ಮೊದಲ ಪಾಲು ಎಂದಾದರೆ, ನಾಳೆ ಮುಗಿಯುತ್ತದೆ ಎಂದು ಬರೆ. ನಾಳೆ ಬಂದಾಗ ಮತ್ತೆ ನಾಳೆ ಎಂದು ಬರೆ.  ಮಗಳ ಹೆಸರಿನ ಮುಂದೆ ನಾಳೆ ಮುಗಿಯುತ್ತದೆ ಎಂದು ತಾಯಿಯ ಕೈಯಿಂದ ಬರೆಯುವುದು. ಆದರೂ ಮಹಾನಂದಾ ಬರೆದಳು.

ನೆಲ ತಣ್ಣಗಾಯಿತು. ನೀಲಮ್ಮ ಕೆನ್ನೆಯನ್ನು ಕಲ್ಲುಹಾಸಿಗೆ ಒತ್ತಿ ಮಲಗಿ, ನೆಲದೊಳಗೆ ಹೊಳಿ ಹರಿಲಿಕತ್ತದ ಎಂದು ಕಿವಿಗೊಟ್ಟು ಕೇಳುತ್ತಿದ್ದಳು. ದಿನಾ ಸಂಜೆ ಮಹಾನಂದಾ ನಾಳೆ ಎಂದು ಬರೆಯುವಳು, ದಿನಾ ಬೆಳಿಗ್ಗೆ ನಾಳೆ ಬಂದು ಹೋಗುವುದು. ಹಾಗೆ ಕೆಲವು ದಿನ ಅವರು ಸುಖವಾಗಿದ್ದರು ಎಂದೇ ಹೇಳಬೇಕು.

ಕೀಲಿ ನೋಡುವವಳ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಹುಸೇನಮ್ಮ ನೇರವಾಗಿ ಬಂದು ಕೇಳಿದಳು. ಮಹಾನಂದಾ ಸುಳ್ಳು ಹೇಳಲಿಲ್ಲ. ಕೊನೆಯ ಗಲ್ಲಿಯಲ್ಲಿ ಲಕ್ವ ಹೊಡೆದ ಮುದುಕರಿದ್ದರು, ಉಬ್ಬಸದ ಹೆಂಗಸರಿದ್ದರು, ಅವರ ಕಾಯಿಲೆಗೂ ಕೊನೆಯ ದಿನ ಇರಲಿಲ್ಲ.

"ನಿನ್ನ ಮಗಳ ಸಲುವಾಗಿ ನಾ ಬರೀವಾಗ ನೀ ಬ್ಯಾಡ ಅಂದಿಲ್ಲ, ಗೊತ್ತಿದ್ದಿಲ್ಲ ಬಿಡು. ಈಗ ಅವರ ಸಲುವಾಗಿ ನಾ ಬರೀತೀನಿ. ಬ್ಯಾಡ ಅಂತಿಯೇನು?"

"ಇಲ್ಲಕ್ಕ."

ಬ್ಯಾಡ ಎಂದಿದ್ದರೆ ಹುಸೇನಮ್ಮ ಕೇಳುತ್ತಿದ್ದಳೇನೋ. ಆದರೆ ಎದುರಿಗೆ ಕೂತವಳು ಎರಡು ಖಾಲಿ ಜಾಗಕ್ಕೆ ತಮ್ಮನನ್ನು ಕಳೆದುಕೊಂಡವಳು. ಅವಳಿಗೆ ಬ್ಯಾಡ ಎನ್ನುವ ಬಾಯಿ ಮಹಾನಂದಾಗೆ ಎಲ್ಲಿಂದ ಬರಬೇಕು.

ಅಲ್ಲಿಂದ ಅದು ಗಲ್ಲಿಯಿಂದ ಗಲ್ಲಿಗೆ ಹಬ್ಬಿತು. ಉಬ್ಬಸದವರು ಬರೆಸಿದರು, ಜ್ವರದವರು ಬರೆಸಿದರು, ಏನೂ ಇಲ್ಲದವರೂ ಬರೆಸಿದರು. ಅರ್ಧ ಊರಿಗೆ ನಾಳೆಯೇ ಕೊನೆಯ ದಿನ ಎಂದಾದಾಗ ಯಂತ್ರ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಒಬ್ಬೊಬ್ಬರಿಗೆ ಒಂದೊಂದು ಗುಟುಕು ಹಂಚಿತು. ಆ ವಾರ ಊರಿನಲ್ಲಿ ಹೆಣ ಬಿದ್ದವು. ಕೊನೆಯ ಗಲ್ಲಿಯಲ್ಲೂ ಬಿದ್ದವು. ನೀಲಮ್ಮ ಎರಡು ಸಲ ಎಚ್ಚರ ತಪ್ಪಿದಳು.

ಮಂಡಳಿ ತಡಮಾಡಲಿಲ್ಲ. ಒಬ್ಬ ಮನುಷ್ಯನಿಗೆ ಒಂದು ಬೇಸಿಗೆಗೆ ಒಂದೇ ದಾಖಲೆ, ಒಮ್ಮೆ ಬರೆದ ದಿನಾಂಕವನ್ನು ಬದಲಿಸುವಂತಿಲ್ಲ, ಹಳೆಯವೆಲ್ಲ ರದ್ದು ಎಂದು ಆಜ್ಞೆ ಹೊರಟಿತು. ನಮೂನೆಯನ್ನು ಮುಟ್ಟದೆ ಮಾಡಬಹುದಾದದ್ದು ಅದೊಂದೇ. ಕರಡು ಬರೆದುಕೊಟ್ಟವಳು ಮಹಾನಂದಾ. ಬರೆಯಲಾರೆ ಎಂದಿದ್ದರೆ ಬೇರೆ ಯಾರೋ ಬರೆಯುತ್ತಿದ್ದರು, ಇಷ್ಟು ಸರಿಯಾಗಿ ಬರೆಯುತ್ತಿರಲಿಲ್ಲ.

ಅಂದು ಮಧ್ಯಾಹ್ನ ಅಡಿಗೆಮನೆಯ ನೆಲದಲ್ಲಿ ಗಂಡಹೆಂಡತಿ ಮಗಳನ್ನು ನಡುವೆ ಮಲಗಿಸಿಕೊಂಡು ಕೂತರು. ಸಂಜೆ ದೀಪ ಹಚ್ಚುವ ಹೊತ್ತಿಗೆ ದಾಖಲೆ ಮುಚ್ಚುತ್ತದೆ. ಒಂದು ದಿನಾಂಕ ಆರಿಸಬೇಕಿತ್ತು. ಹತ್ತಿರದ್ದು ಬರೆದರೆ ಇವತ್ತು ನಾಳೆ ಹುಡುಗಿ ತಣ್ಣಗಿರುತ್ತಾಳೆ. ಆಮೇಲೆ ರೋಹಿಣಿಯ ಬಿಸಿಲು ಬಂದಾಗ ಅವಳ ಹೆಸರೇ ಇರುವುದಿಲ್ಲ. ದೂರದ್ದು ಬರೆದರೆ ದಿನಾ ಒಂದಿಷ್ಟು ಬರುತ್ತದೆ, ಯಾವ ದಿನಕ್ಕೂ ಸಾಲುವುದಿಲ್ಲ. ಶರಣಬಸು ಮಿರಗದ ಮಳೆನಕ್ಷತ್ರ ಕೂಡುವ ದಿನ ಬರೆ, ಅಷ್ಟರಲ್ಲಿ ಮಳೆ ಬಂದೇ ಬರುತ್ತದೆ ಎಂದ. ಹೋದ ವರ್ಷ ಮಿರಗ ಒಣಗಿ ಹೋದದ್ದು ಇಬ್ಬರಿಗೂ ನೆನಪಿತ್ತು.  ಅವನು ಮತ್ತೆ, ಇಲ್ಲ, ಅದಕ್ಕಿಂತ ಮೊದಲಿನದ್ದು ಬರೆ ಎಂದ. ಮತ್ತೆ ಬೇಡ ಎಂದ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತ.

ನೀಲಮ್ಮನಿಗೆ ಎಚ್ಚರವಿತ್ತು.

"ಅವ್ವಾ, ಆ ತಾರೀಖಿಗೇನಾಗ್ತದ?"

"ಏನಿಲ್ಲವ್ವಾ. ನಿಂಗ ಎಂದಿನತನಕ ತಂಪು ಬೇಕು ಅಂತ ಕೇಳ್ತದ."

ಹುಡುಗಿ ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಂಡಳು.

"ದೊಡ್ಡಾಕಿ ಆಗೋತನಕ ಅಂತ ಬರಿ."

ಮಹಾನಂದಾ ಒದ್ದೆ ದುಪ್ಪಡಿಯನ್ನು ಮತ್ತೆ ನೀರಿಗೆ ಅದ್ದಿ, ಹಿಂಡಿ, ಹೊದಿಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು ನಿಯಂತ್ರಣ ಕೋಣೆಗೆ ನಡೆದಳು. ಅಲ್ಲಿ ಹುಸೇನಮ್ಮ ಒಬ್ಬಳೇ ಕೀಲಿಗಳ ದೀಪ ನೋಡುತ್ತ ಕೂತಿದ್ದಳು.  ಹುಸೇನಮ್ಮ ಸರಿದು ಕುರ್ಚಿ ಬಿಟ್ಟುಕೊಟ್ಟಳು.

ಯಾರಿಗೆ, ನೀಲಮ್ಮ. ಯಾಕೆ, ಇತರೆ. ಯಾವಾಗಿನಿಂದ, ಇಂದಿನಿಂದ. ಯಾವಾಗಿನವರೆಗೆ ಎಂಬಲ್ಲಿ ಅವಳು ಒಂದು ದಿನಾಂಕ ಬರೆದಳು. ಅದರ ಕೆಳಗೆ, ಜಾಗ ಇಲ್ಲವೆಂದು ಗೊತ್ತಿದ್ದೂ, ಗುರುತು ಹಾಕಿ ಒಂದು ಸಾಲು ಸೇರಿಸಿದಳು. ಈ ಹುಡುಗಿಗೆ ಬೆವರು ಬರುವುದಿಲ್ಲ. ಮೇಲಿನ ದಿನಾಂಕ ಸುಳ್ಳು. ಮೊದಲು ಇಲ್ಲಿ ಬಿಡು.

ಕಳಿಸಿದಳು. ಪರದೆ ಕೆಂಪಾಯಿತು. ನಮೂನೆಯಲ್ಲಿಲ್ಲದ ಸಾಲು ಇದೆ, ದಾಖಲೆ ತಿರಸ್ಕೃತ ಎಂದು ಬಂತು. ಆ ವಾಕ್ಯವನ್ನು ಚಳಿಗಾಲದಲ್ಲಿ ಅವಳೇ ಬರೆದಿದ್ದಳು; ಕಳಿಸುವವರಿಗೆ ಗೊಂದಲವಾಗಬಾರದು, ನೇರವಾಗಿರಬೇಕು ಎಂದು ಎರಡು ಸಲ ತಿದ್ದಿದ್ದಳು.

ಹೊರಗೆ ಬಿಸಿಲು ಇಳಿಯುತ್ತಿತ್ತು. ಹುಸೇನಮ್ಮ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತಳು, ಪರದೆ ಓದಿದಳು, ಅವಳ ಹೆಗಲ ಮೇಲೆ ಕೈ ಇಟ್ಟಳು. ಮಹಾನಂದಾ ಆ ಸಾಲನ್ನು ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿದಳು. ಮೊದಲು ಇಲ್ಲಿ ಬಿಡು ಹೋಯಿತು. ಸುಳ್ಳು ಹೋಯಿತು. ಬೆವರು ಹೋಯಿತು. ಹುಡುಗಿ ಹೋಯಿತು. ಕೆಳಗೆ ಒಂದು ಖಾಲಿ ಜಾಗ ಉಳಿದಿತ್ತು. ಅದಕ್ಕೆ ಈಗ ಅರ್ಥವಿಲ್ಲ, ಯಂತ್ರ ಅದನ್ನು ನೋಡುವುದಿಲ್ಲ. ಆದರೂ ಅದನ್ನೂ ಅಳಿಸಿ ಕಳಿಸಿದಳು.

ಪರದೆ ಹಸಿರಾಯಿತು. ದಾಖಲೆ ಸರಿಯಾಗಿದೆ ಎಂದು ಬಂತು.